ಲೋಡ್ ಹಾಕಿ ಲೈಟ್ ನೋಡ್ರಿ

ಅಮೀನಗಡದ ಕುರಿ ಸಂತೆಗೆ ಬರುವ ಪಿಕಪ್‌ಗಳ ಓಡಾಟವೆಲ್ಲ ಹೆಚ್ಚಾಗಿ ಕತ್ತಲಲ್ಲೇ. ನಸುಕಿಗೆ ಕುರಿ ಇಳಿಸಬೇಕೆಂದರೆ ನಡುರಾತ್ರಿಗೇ ಊರು ಬಿಡಬೇಕು. ಕಬ್ಬಿನ ಹಂಗಾಮಿನಲ್ಲಿ ಹಿಂದೊಂದು ಕೆಂಪು ದೀಪವೂ ಇಲ್ಲದ ಟ್ರೇಲರ್‌ಗಳು ಅಡ್ಡ ಸಿಗುತ್ತವೆ. ಯುಗಾದಿ ಹತ್ತಿರ ಬಂತೆಂದರೆ ಬಿಸಿಲು ತಪ್ಪಿಸಿಕೊಂಡು ರಾತ್ರಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಭಕ್ತರು ರಸ್ತೆಯ ಮಗ್ಗುಲಲ್ಲೇ ಇರುತ್ತಾರೆ. ಇಂಥ ರಸ್ತೆಯ ಗಾಡಿಗಳಿಗೆ ವೈರಿಂಗ್ ಕೆಲಸ ಮಾಡುತ್ತ ಹೆಡ್‌ಲೈಟ್ ಬಗ್ಗೆ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಬಲ್ಬ್ ಬಿಚ್ಚುವ ಮೊದಲು ವೋಲ್ಟೇಜ್ ನೋಡಿ.

"ಲೈಟ್ ಮಂದ ಆಗ್ಯಾವ್ರಿ ಅಣ್ಣಾರ, ದೊಡ್ಡ ಬಲ್ಬ್ ಹಾಕ್ರಿ" ಎನ್ನುತ್ತಲೇ ಬಹಳ ಮಂದಿ ಬರುತ್ತಾರೆ. ನಾನು ಮೊದಲು ಎಂಜಿನ್ ಚಾಲೂ ಇಟ್ಟು, ಲೈಟ್ ಹಚ್ಚಿ, ಹೋಲ್ಡರ್ ಹತ್ತಿರ ಮೀಟರ್ ಹಿಡಿಯುತ್ತೇನೆ. ಬ್ಯಾಟರಿಯಲ್ಲಿ ತೋರಿಸಿದ್ದಕ್ಕಿಂತ ಇಲ್ಲಿ 1 ವೋಲ್ಟ್ ಕಡಿಮೆ ಇದ್ದರೂ ಹೆಚ್ಚುಕಡಿಮೆ ಕಾಲುಭಾಗ ಬೆಳಕು ಹೋಯಿತು. ಕಳ್ಳ ಸಿಗುವುದು ಬಹುತೇಕ ಅರ್ಥ್ ವೈರಿನಲ್ಲಿ. ಬೋಲ್ಟ್ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಹೋಲ್ಡರಿನ ಪಿನ್ ಕಪ್ಪಾಗಿರುತ್ತದೆ. ಉಪ್ಪುಕಾಗದ ಹಾಕಿ ತಿಕ್ಕಿ ಬಿಗಿ ಮಾಡಿದರೆ ಹಳೇ ಬಲ್ಬೇ ಬೆಳ್ಳಗೆ ಉರಿಯುತ್ತದೆ.

2. 100 ವ್ಯಾಟಿನ ಆಸೆ ಬೇಡ.

ನಮ್ಮ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ ಎಚ್4 ಬಲ್ಬ್: ಹೈ ಬೀಮಿಗೆ 60 ವ್ಯಾಟ್, ಡಿಮ್ಮಿಗೆ 55. ಒಂದು ಬಲ್ಬ್ ಎಳೆಯುವುದು ಸುಮಾರು 5 ಆಂಪಿಯರ್. 100/90 ಹಾಕಿದರೆ 8 ದಾಟುತ್ತದೆ. ವೈರು, ಸ್ವಿಚ್ಚು ಅದಕ್ಕೆ ತಯಾರಾದವಲ್ಲ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಟ್ಟು ಹೋಗುತ್ತದೆ. ಹೊಳಪು ಹೋದ ಮೇಲೆ ಎಷ್ಟು ವ್ಯಾಟ್ ಹಾಕಿದರೇನು?

3. ಗಾಜು ಮುಟ್ಟಬೇಡಿ, ಕೂಡಿಸುವಾಗ ಅವಸರ ಬೇಡ.

ಹ್ಯಾಲೊಜನ್ ಬಲ್ಬನ್ನು ತಳದ ಲೋಹದಲ್ಲಿ ಹಿಡಿಯಬೇಕು. ಬೆರಳಿನ ಜಿಡ್ಡು ಗಾಜಿಗೆ ಹತ್ತಿದರೆ ಅದೇ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್ ಹಾಕಿ ಒರೆಸಿ. ತಳದಲ್ಲಿ ಮೂರು ಕಿವಿಗಳಿವೆ, ಅವು ಒಂದೇ ರೀತಿಯಲ್ಲಿ ಕೂಡುತ್ತವೆ. ಒಳಗೆ ಡಿಮ್ಮಿನ ತಂತಿಯ ಕೆಳಗೆ ಉಗುರಿನಷ್ಟು ಸಣ್ಣ ತಗಡಿನ ಬಟ್ಟಲಿದೆ. ಬೆಳಕು ಎದುರಿನವನ ಕಣ್ಣಿಗೆ ಏರದಂತೆ ತಡೆಯುವುದು ಅದೇ. ಬಲ್ಬ್ ಸೊಟ್ಟ ಕೂತರೆ ಬಟ್ಟಲೂ ಸೊಟ್ಟ, ಬೆಳಕು ಗಿಡದ ತುದಿಗೆ ಬೀಳುತ್ತದೆ. ಆಗ ಹೊರಗಿನ ಸ್ಕ್ರೂ ತಿರುಗಿಸುವವರನ್ನು ಬಹಳ ಕಂಡಿದ್ದೇನೆ. ಕ್ಲಿಪ್ ಸರಿಯಾಗಿ ಬಿತ್ತೇ, ಹಿಂದಿನ ರಬ್ಬರ್ ಟೊಪ್ಪಿಗೆ ಕೂತಿತೇ ಎಂದು ಮೊದಲು ನೋಡಿ.

4. ಅಡ್ಜಸ್ಟ್ ಮಾಡುವುದು ಲೋಡ್ ಇದ್ದಾಗ.

ಇದೇ ಎಲ್ಲಕ್ಕಿಂತ ದೊಡ್ಡದು. ಖಾಲಿ ಪಿಕಪ್‌ನ ಹಿಂಭಾಗ ಎತ್ತರ. ಕುರಿ, ಉಳ್ಳಾಗಡ್ಡಿ ತುಂಬಿದಾಗ ಹಿಂದಿನ ಪಾಟಾ ಕುಸಿದು ಮೂತಿ ಮೇಲೇಳುತ್ತದೆ. ಮೂತಿ 1 ಡಿಗ್ರಿ ಎದ್ದರೂ 50 ಮೀಟರಿಗೆ ಬೆಳಕು 87 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಖಾಲಿ ಗಾಡಿಯಲ್ಲಿ ಹೊಂದಿಸಿದ ಲೈಟ್ ಲೋಡಿನಲ್ಲಿ ಎದುರಿನವನನ್ನು ಕುರುಡು ಮಾಡುವುದು ಹೀಗೆ.

ನಾನು ಮಾಡುವ ಕ್ರಮ ಇದು. ಟೈರಿನ ಗಾಳಿ ಸರಿ ಮಾಡಿ, ದಿನದ ಲೋಡ್ ಹಾಕಿಸಿ, ಡ್ರೈವರನನ್ನು ಸೀಟಿನಲ್ಲಿ ಕೂಡಿಸಿ, ಸಮತಟ್ಟು ಜಾಗದಲ್ಲಿ ಗೋಡೆಗೆ 10 ಮೀಟರ್ ದೂರ ನಿಲ್ಲಿಸುತ್ತೇನೆ. ಲೈಟಿನ ನಡುಬಿಂದು ನೆಲದಿಂದ ಎಷ್ಟು ಎತ್ತರವೋ ಗೋಡೆಯ ಮೇಲೆ ಅಷ್ಟಕ್ಕೆ ಸುಣ್ಣದ ಗೀಟು. ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು. ಒಂದು ಲೈಟಿಗೆ ಗೋಣಿ ಮುಚ್ಚಿ, ಇನ್ನೊಂದರ ಡಿಮ್ಮಿನ ಮೇಲಂಚು ಕೆಳಗೀಟಿಗೆ ಬರುವ ತನಕ ಸ್ಕ್ರೂ ತಿರುಗಿಸುತ್ತೇನೆ. ಖಾಲಿ ಬರುವಾಗ ಬೆಳಕು ತುಸು ಹತ್ತಿರ ಬೀಳುತ್ತದೆ, ಆಗ ವೇಗ ಇಳಿಸಬೇಕು. ಸ್ಟೇರಿಂಗ್ ಹತ್ತಿರ ಲೈಟ್ ಏರಿಳಿಸುವ ಚಕ್ರ ಇರುವ ಗಾಡಿಯಾದರೆ ಅದನ್ನು ಸೊನ್ನೆಯಲ್ಲಿಟ್ಟು ಖಾಲಿ ಗಾಡಿಯಲ್ಲೇ ಹೊಂದಿಸಿ, ಲೋಡ್ ಬಿದ್ದಾಗ ಚಕ್ರ ತಿರುಗಿಸಿದರಾಯಿತು. ಎಷ್ಟೋ ಡ್ರೈವರುಗಳು ಅದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

5. ಎಡಗಡೆಯ ಏರು ಕೆಡಿಸಬೇಡಿ.

ಗೋಡೆಯ ಮೇಲೆ ಡಿಮ್ಮಿನ ಅಂಚು ಬಲಕ್ಕೆ ನೆಟ್ಟಗಿದ್ದು ಎಡಕ್ಕೆ 15 ಡಿಗ್ರಿ ಮೇಲೇರುತ್ತದೆ. ದೋಷವೆಂದು ತಿಳಿದು ಅದನ್ನು ಒತ್ತಿ ಇಳಿಸುವವರಿದ್ದಾರೆ. ಎಡಮಗ್ಗುಲಲ್ಲಿ ಗಂಟು ಹೊತ್ತು ನಡೆಯುವ ಶ್ರೀಶೈಲದ ಭಕ್ತ, ಕುರಿ ಹಿಂಡಿನ ಹಿಂದಿರುವ ಕುರುಬ ಕಾಣಿಸುವುದು ಆ ಏರಿನಲ್ಲೇ.

6. ಎಲ್‌ಇಡಿ ಹಾಕಿಸುವ ಮುಂಚೆ ಗೋಡೆ ಕೇಳಿ.

ಹ್ಯಾಲೊಜನ್ ರಿಫ್ಲೆಕ್ಟರ್ ತಯಾರಾದದ್ದು ತಂತಿ ಇರುವ ಜಾಗದ ಲೆಕ್ಕದ ಮೇಲೆ. ಪೇಟೆಯಲ್ಲಿ ಸಿಗುವ ಬಹಳಷ್ಟು ಎಲ್‌ಇಡಿಗಳಲ್ಲಿ ಬೆಳಕು ಅದೇ ಜಾಗದಿಂದ ಹೊರಡುವುದಿಲ್ಲ, ಹಾಗಾಗಿ ಗೋಡೆಯ ಮೇಲೆ ಅಂಚೇ ಮೂಡುವುದಿಲ್ಲ. ಬಾನೆಟ್ ಮುಂದಿನ ನೆಲ ಹಗಲಾದಂತಾಗುತ್ತದೆ, ಕಣ್ಣು ಅದಕ್ಕೆ ಹೊಂದಿಕೊಂಡು ದೂರದ ಟ್ರೇಲರ್ ಕತ್ತಲಲ್ಲಿ ಉಳಿಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮವೂ ಸ್ಪಷ್ಟವಾಗಿದೆ: ಲೈಟಿನಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಆ ಅಳತೆಗೆ ನಿಂತು ನಿಮ್ಮ ಗಾಡಿಯ ಡಿಮ್ಮನ್ನು ನೀವೇ ಒಮ್ಮೆ ನೋಡಿ.

7. ಬದಲಿಸಿದರೆ ಜೋಡಿ ಬದಲಿಸಿ.

ಒಂದು ಸುಟ್ಟರೆ ಅದೇ ದಿನ ಹಾಕಿದ ಇನ್ನೊಂದು ಬಹಳ ದಿನ ಉಳಿಯುವುದಿಲ್ಲ. ಬಿಚ್ಚಿದ ಬಲ್ಬ್ ಇನ್ನೂ ಉರಿಯುತ್ತಿದ್ದರೆ ಅದರ ಡಬ್ಬಿಯಲ್ಲೇ ಹಾಕಿ, ಎರಡು ಫ್ಯೂಸ್ ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿಡಿ. ನಡುರಾತ್ರಿ ಹುನಗುಂದ ದಾಟಿದ ಮೇಲೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.