ಮಾತೆಂಬ ಚಿಕಿತ್ಸೆ

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಭಾಷಣ ನಡೆಯುತ್ತಿರುವಾಗ ಧ್ವನಿವರ್ಧಕವು ಇದ್ದಕ್ಕಿದ್ದಂತೆ ಕಿವಿ ಬಿರಿಯುವಂತೆ ಕೂಗಿಕೊಳ್ಳುವುದನ್ನು ವಾಚಕರು ಕೇಳಿಯೇ ಇರುವರು. ಆ ಕೂಗು ಎಲ್ಲಿಂದ ಬಂತು? ಭಾಷಣಕಾರರು ಕೂಗಲಿಲ್ಲ, ಉಪಕರಣದ ಯಾವ ಭಾಗವೂ ಕೆಟ್ಟಿಲ್ಲ. ಧ್ವನಿವರ್ಧಕದಿಂದ ಹೊರಟ ಸಣ್ಣ ಸದ್ದೊಂದು ಮೈಕನ್ನು ಸೇರಿ, ಹೆಚ್ಚಿಕೊಂಡು ಹೊರಬಿದ್ದು, ಪುನಃ ಮೈಕನ್ನೇ ಸೇರುತ್ತದೆ. ಹೀಗೆ ಪ್ರತಿಯೊಂದು ಸುತ್ತಿಗೂ ಬೆಳೆದು, ಪಿಸುಮಾತಿನಷ್ಟಿದ್ದುದು ಕ್ಷಣಾರ್ಧದಲ್ಲಿ ಆರ್ಭಟವಾಗುತ್ತದೆ. ಇದನ್ನು ನಿಲ್ಲಿಸಲು ಮೈಕನ್ನು ದೂರ ಸರಿಸಬಹುದು, ಇಲ್ಲವೆ ಉಪಕರಣದ ತಿರುಪನ್ನು ತಗ್ಗಿಸಬಹುದು. ವರ್ತುಲವನ್ನು ಎಲ್ಲಿ ಕಡಿದರೂ ಸರಿಯೆ, ಕೂಗು ಅಡಗುವುದು. ಆದರೆ "ಸುಮ್ಮನಿರು" ಎಂದು ಗದರಿದರೆ ಫಲವಿಲ್ಲ; ಗದರಿದ ಸದ್ದೂ ಆ ವರ್ತುಲವನ್ನೇ ಸೇರುವುದಷ್ಟೆ.

ಭೌತಶಾಸ್ತ್ರದ ಅಧ್ಯಾಪಕನಾದ ನಾನು ಈ ಪಾಠವನ್ನು ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ. ಅದು ಮನಸ್ಸಿಗೂ ಅನ್ವಯಿಸುವುದೆಂದು ಅರಿತದ್ದು ಮಾತ್ರ ತಡವಾಗಿ. ಕೆಲವು ವರ್ಷಗಳ ಹಿಂದೆ, ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, "ಸಾರ್, ಪುಸ್ತಕ ತೆರೆದರೆ ಒಂದಕ್ಷರವೂ ತಲೆಗೆ ಹತ್ತುವುದಿಲ್ಲ. ರಾತ್ರಿ ನಿದ್ರೆಯೂ ಬರುವುದಿಲ್ಲ" ಎಂದನು. "ಧೈರ್ಯವಾಗಿರಪ್ಪ, ಇನ್ನಷ್ಟು ಶ್ರಮಪಟ್ಟು ಓದು" ಎಂದು ಬೆನ್ನು ತಟ್ಟಿ ಕಳುಹಿಸಿದೆನು. ಅವನು ಮತ್ತೆ ನನ್ನ ಬಳಿಗೆ ಬರಲಿಲ್ಲ. ಆ ವರ್ಷ ಪರೀಕ್ಷೆಗೂ ಕೂರಲಿಲ್ಲ. ಮುಂದೆ ಮನೆಯವರು ತಜ್ಞರಲ್ಲಿಗೆ ಕರೆದೊಯ್ದ ಮೇಲೆ ಅವನು ಚೇತರಿಸಿಕೊಂಡನೆಂಬುದು ಸಮಾಧಾನದ ಸಂಗತಿ. ಆದರೆ ಅಂದು ನಾನು ಮಾಡಿದ್ದು ಧ್ವನಿವರ್ಧಕವನ್ನು ಗದರಿದ ಕೆಲಸವೆ.

ಖಿನ್ನತೆಯಲ್ಲಿ ನಡೆಯುವುದನ್ನು ಸ್ವಲ್ಪ ಪರಿಶೀಲಿಸೋಣ. "ನನ್ನಿಂದ ಏನೂ ಆಗದು" ಎಂಬ ಯೋಚನೆ ಮೂಡುತ್ತದೆ. ಯೋಚನೆಯಿಂದ ದುಗುಡ ಹುಟ್ಟುತ್ತದೆ. ದುಗುಡದಿಂದ ಗೆಳೆಯರ ಸಹವಾಸ, ಆಟ, ಓದು ಎಲ್ಲವೂ ನಿಲ್ಲುತ್ತವೆ. ಓದು ನಿಂತಾಗ ಅಂಕಗಳು ಇಳಿಯುತ್ತವೆ. ಇಳಿದ ಅಂಕಗಳು "ನೋಡು, ನಿನ್ನಿಂದ ಏನೂ ಆಗದು" ಎಂದು ಸಾಕ್ಷ್ಯ ನುಡಿಯುತ್ತವೆ. ವರ್ತುಲ ಪೂರ್ಣವಾಯಿತು.

ಇಂತಹ ನೋವನ್ನು ಮಾತಿನಿಂದಲೇ ಶಮನಗೊಳಿಸಬಹುದೆಂಬ ವಿಚಾರದ ಆಧುನಿಕ ಚರಿತ್ರೆ ವಿಯೆನ್ನಾ ನಗರದಿಂದ ಆರಂಭವಾಗುತ್ತದೆಂದು ಸಾಮಾನ್ಯವಾಗಿ ಹೇಳುವರು. 1880ರಿಂದ 1882ರವರೆಗೆ ಜೋಸೆಫ್ ಬ್ರಾಯರ್ ಎಂಬ ವೈದ್ಯರು ಬರ್ತಾ ಪಾಪೆನ್‌ಹೈಮ್ ಎಂಬ ತರುಣಿಗೆ ಚಿಕಿತ್ಸೆ ನೀಡಿದರು. ಮನಸ್ಸಿನಲ್ಲಿದ್ದುದನ್ನು ಬಿಡಿಸಿ ಹೇಳಿದಾಗ ಆಕೆಗೆ ಹಗುರವೆನಿಸುತ್ತಿತ್ತು. 'ಮಾತಿನ ಚಿಕಿತ್ಸೆ' ಎಂಬ ಹೆಸರನ್ನಿಟ್ಟವರು ವೈದ್ಯರಲ್ಲ, ಆ ರೋಗಿಯೇ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಈ ವೃತ್ತಾಂತವನ್ನು ಪ್ರಕಟಿಸಿದರು. ಆದರೆ ಆಕೆ ಆಗಲೇ ಪೂರ್ಣ ಗುಣಹೊಂದಿರಲಿಲ್ಲ, 1882ರಲ್ಲಿಯೇ ಬೇರೊಂದು ಆರೋಗ್ಯಧಾಮವನ್ನು ಸೇರಬೇಕಾಯಿತೆಂದು ಅನಂತರದ ಸಂಶೋಧಕರು ಕಂಡುಕೊಂಡರು. ಒಬ್ಬ ರೋಗಿಯ ಕಥೆ ಎಷ್ಟೇ ಸ್ವಾರಸ್ಯವಾಗಿದ್ದರೂ ಅದು ಪ್ರಮಾಣವಾಗಲಾರದು. ವಿಜ್ಞಾನಕ್ಕೆ ಪರೀಕ್ಷೆ ಬೇಕು.

ಆ ಪರೀಕ್ಷೆಗೆ ಒಡ್ಡಬಹುದಾದಂತಹ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಮನೋವೈದ್ಯ ಆರನ್ ಬೆಕ್ ರೂಪಿಸತೊಡಗಿದರು. ಇದರಲ್ಲಿ ರೋಗಿಯು ತನ್ನ ಯೋಚನೆಯನ್ನು ಸತ್ಯವೆಂದು ಒಪ್ಪಿಬಿಡದೆ, ಒಂದು ಊಹೆಯೆಂದು ತಿಳಿದು ಪರೀಕ್ಷಿಸಲು ಕಲಿಯುತ್ತಾನೆ. "ಏನೂ ಆಗದು" ಎಂಬುದಕ್ಕೆ ಸಾಕ್ಷ್ಯವೇನು? ವಿರುದ್ಧ ಸಾಕ್ಷ್ಯವೇನು? ಜೊತೆಗೆ ನಿಂತುಹೋದ ಚಟುವಟಿಕೆಗಳನ್ನು ಸಣ್ಣ ಸಣ್ಣದಾಗಿ ಮತ್ತೆ ಆರಂಭಿಸುತ್ತಾನೆ. ಇಂದು ಹತ್ತು ನಿಮಿಷ ನಡಿಗೆ, ನಾಳೆ ಒಬ್ಬ ಗೆಳೆಯನೊಡನೆ ಮಾತು. ಅಂದರೆ ವರ್ತುಲವನ್ನು ಎರಡು ಕಡೆ ಕಡಿದಂತಾಯಿತು. 1977ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೆಕ್ ಮತ್ತು ಸಂಗಡಿಗರು ಈ ವಿಧಾನವನ್ನು ಅಂದಿನ ಪ್ರಮುಖ ಔಷಧವಾದ ಇಮಿಪ್ರಮೀನಿನೊಡನೆ ಹೋಲಿಸಿದರು. ಮಾತಿನ ಚಿಕಿತ್ಸೆ ಹಿಂದೆ ಬೀಳಲಿಲ್ಲ. ಇದರಿಂದ ಸಿಗುವ ಪ್ರಯೋಜನವು ಔಷಧದ ಪ್ರಯೋಜನಕ್ಕೆ ಸುಮಾರಾಗಿ ಸಮವೆಂದೂ, ಎರಡೂ ಕೂಡಿದರೆ ಅನೇಕರಿಗೆ ಇನ್ನೂ ಮೇಲೆಂದೂ ತರುವಾಯದ ಅಧ್ಯಯನಗಳು ತೋರಿಸಿವೆ. ನಮ್ಮ ನೆರೆಯ ಗೋವೆಯಲ್ಲಿ ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿಯಿತ್ತು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಗಳ ಇಂತಹ ಚಿಕಿತ್ಸೆಯನ್ನು ಕೊಡಿಸಿದಾಗ ತೀವ್ರ ಖಿನ್ನತೆಯವರಿಗೂ ಲಾಭವಾಯಿತೆಂದು 2017ರಲ್ಲಿ ವರದಿಯಾಯಿತು.

ಹೋಲಿಕೆಗೂ ಒಂದು ಮಿತಿಯುಂಟು. ಮನುಷ್ಯನು ಯಂತ್ರವಲ್ಲ. ವಂಶಪಾರಂಪರ್ಯ, ಥೈರಾಯ್ಡಿನಂತಹ ಗ್ರಂಥಿಯ ದೋಷ, ಬಡತನ, ಮನೆಯ ಜಗಳ ಇವೆಲ್ಲವೂ ಖಿನ್ನತೆಗೆ ಕಾರಣವಾಗಬಹುದು. ಆದುದರಿಂದ ಕೆಲವರಿಗೆ ಔಷಧವೇ ಅವಶ್ಯ. ಅದನ್ನು ಬರೆದುಕೊಡತಕ್ಕವರು ವೈದ್ಯಪದವಿ ಪಡೆದ ಮನೋವೈದ್ಯರು; ಮಾತಿನ ಚಿಕಿತ್ಸೆಯನ್ನು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರೂ ನಡೆಸುವರು.

ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದಾದರೂ ಏನು? ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಸಂಭಾಷಣೆ. ಉಪದೇಶವಿಲ್ಲ, ವಿಚಾರಣೆಯಿಲ್ಲ. ಹೇಳಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಇದನ್ನು ರೋಗಿಯ ಹಕ್ಕೆಂದು ಮನ್ನಿಸಿದೆ. ಪ್ರಾಣಕ್ಕೆ ಅಪಾಯವಿರುವಂತಹ ಕೆಲವು ಸಂದರ್ಭಗಳಲ್ಲಿ ಇದಕ್ಕೆ ಅಪವಾದವುಂಟು. ಮೊದಲ ದಿನವೇ ಮನಸ್ಸು ಹಗುರವಾಗದಿದ್ದರೆ ನಿರಾಶರಾಗಬೇಕಾದುದಿಲ್ಲ. ಒಬ್ಬರೊಡನೆ ಹೊಂದಿಕೆಯಾಗದಿದ್ದರೆ ಇನ್ನೊಬ್ಬರನ್ನು ಕಾಣುವುದರಲ್ಲಿ ತಪ್ಪೇನೂ ಇಲ್ಲ.

ಯಾವಾಗ ಹೋಗಬೇಕು? ದುಗುಡವೋ ನಿರಾಸಕ್ತಿಯೋ ಎರಡು ವಾರಗಳನ್ನು ಮೀರಿ, ನಿದ್ರೆ, ಹಸಿವು, ಓದು ಕೆಟ್ಟಿದ್ದರೆ ತಡಮಾಡಲಾಗದು. ಸಾವಿನ ಯೋಚನೆ ಸುಳಿದರಂತೂ ಒಂದು ದಿನವೂ ಕಾಯಕೂಡದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದಕಾರಣ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ, ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ಅಲ್ಲಿ ಮಾತನಾಡಬಹುದು.

ಗೆಳೆಯನೊಬ್ಬನು ಬಾಗಿಲಲ್ಲಿ ನಿಂತು "ನಿದ್ರೆ ಬರುವುದಿಲ್ಲ" ಎಂದರೆ, ವಿದ್ಯಾರ್ಥಿ ಮಿತ್ರರೆ, ನಾನು ಆಡಿದ ಮಾತನ್ನು ಆಡಬೇಡಿರಿ. "ಒಳಗೆ ಬಾ, ಕುಳಿತುಕೊ, ಏನಾಯಿತು ಹೇಳು" ಎನ್ನಿರಿ, ಪೂರ್ತಿ ಕೇಳಿರಿ, ಅನಂತರ ತಜ್ಞರಲ್ಲಿಗೆ ಜೊತೆಯಲ್ಲಿ ಹೋಗಿರಿ. ಬಾಗಿಲಲ್ಲಿ ನಿಂತವರು ನೀವೇ ಆದರೆ, ಮೊದಲು ಕೇಳಿದವರು ಗದರಿ ಕಳುಹಿಸಿದರೂ, ಇನ್ನೊಂದು ಬಾಗಿಲನ್ನು ತಟ್ಟಿರಿ.