ಗೆಳೆಯನೊಡನೆ ಅಮೆರಿಕದಲ್ಲಿ ಕಂಪನಿ: ವೀಸಾ ಎಷ್ಟಕ್ಕೆ ಒಪ್ಪುತ್ತದೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ವ್ಯಾಪಾರಸ್ಥರ ಮನೆಗಳಿಂದ ಎಂಜಿನಿಯರಿಂಗ್ ಓದಿದ ಮಕ್ಕಳು ಅಮೆರಿಕದಲ್ಲಿ ನೌಕರಿ ಹಿಡಿದಿರುವುದು ಈಗ ಹೊಸ ಸಂಗತಿಯಲ್ಲ. ಅಂಥ ಮಗನು ಗೆಳೆಯನೊಡನೆ ಅಲ್ಲಿಯೇ ಕಂಪನಿ ತೆರೆಯುವೆನೆಂದು, ಊರಿನಿಂದ ಬಂಡವಾಳ ಬೇಕೆಂದು ಕೇಳಿದಾಗ ತಂದೆಯಾದವನು ಏನು ವಿಚಾರಿಸಬೇಕು? ಪ್ರಸ್ತುತ ಪಾಠವು ಎಚ್-1ಬಿ ವೀಸಾಕ್ಕೆ ಮಾತ್ರ ಸಂಬಂಧಿಸಿದೆ.

ಹುಕ್ಕೇರಿಯ ಯುವಕನೊಬ್ಬ ಎಚ್-1ಬಿ ಮೇಲೆ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದಾನೆ, ಮೂಡಲಗಿಯ ಅವನ ಗೆಳೆಯನಿಗೆ ಗ್ರೀನ್ ಕಾರ್ಡ್ ಇದೆ ಎಂದಿಟ್ಟುಕೊಳ್ಳೋಣ. ಗೋಕಾಕದ ಕರದಂಟು ತರಿಸಿ ಮಾರುವ ಕಂಪನಿಯನ್ನು ಇಬ್ಬರೂ ಸಮಪಾಲಿನಲ್ಲಿ ನೋಂದಾಯಿಸುತ್ತಾರೆ. ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಎಚ್-1ಬಿ ನೌಕರನು ಷೇರು ಹೊಂದಬಹುದು, ಲಾಭಾಂಶ ಪಡೆಯಬಹುದು. ಆದರೆ ಸಂಜೆ ನೌಕರಿ ಮುಗಿಸಿ ಬಂದು ಡಬ್ಬಿ ಕಟ್ಟಿದರೆ, ಲೆಕ್ಕ ಬರೆದರೆ, ಗಿರಾಕಿಗಳಿಗೆ ಉತ್ತರಿಸಿದರೆ ಅದು ಪರವಾನಗಿ ಇಲ್ಲದ ದುಡಿಮೆ ಎನಿಸಬಹುದು. ಎಚ್-1ಬಿ ಎಂಬುದು ಅರ್ಜಿ ಹಾಕಿದ ಮಾಲಿಕನಲ್ಲಿ ದುಡಿಯಲು ಮಾತ್ರ ಕೊಟ್ಟ ಅನುಮತಿ. "ಸಂಬಳ ತೆಗೆದುಕೊಂಡಿಲ್ಲ" ಎಂಬ ಸಮಾಧಾನವನ್ನು ನೆಚ್ಚಿಕೊಳ್ಳುವಂತಿಲ್ಲ. ನಮ್ಮ ಕಡೆ ಅಂಗಡಿಯ ಪಾಲುದಾರ ಗಲ್ಲೆಯ ಮೇಲೆ ಕೂಡುವುದು ಸಹಜ. ಅಲ್ಲಿ ಪಾಲು ಬೇರೆ, ದುಡಿಮೆ ಬೇರೆ. ಎಡವುವುದು ಇಲ್ಲಿಯೇ.

ಹೊಸ ಕಂಪನಿಯೇ ಅವನಿಗಾಗಿ ಇನ್ನೊಂದು ಎಚ್-1ಬಿ ಅರ್ಜಿ ಸಲ್ಲಿಸುವ ದಾರಿಯೂ ಇದೆ. 2025ರ ಜನವರಿ 17ರಂದು ಜಾರಿಗೆ ಬಂದ ನಿಯಮವು ಕಂಪನಿಯ ಹಿಡಿತವುಳ್ಳ ಒಡೆಯನಿಗೂ ಇದಕ್ಕೆ ಅವಕಾಶ ನೀಡಿತು. ಆದರೆ ಅವನ ಸಮಯದ ಹೆಚ್ಚಿನ ಭಾಗ ನಿರ್ದಿಷ್ಟ ಪದವಿ ಬೇಡುವ ಪರಿಣತ ಕೆಲಸದಲ್ಲಿಯೇ ಕಳೆಯಬೇಕು. ಮೊದಲ ಮಂಜೂರಾತಿ ಹಾಗೂ ಮೊದಲ ವಿಸ್ತರಣೆ ತಲಾ 18 ತಿಂಗಳು ಮೀರುವಂತಿಲ್ಲ. ಸಾಫ್ಟ್‌ವೇರ್ ಕಂಪನಿಯಾದರೆ ಇದು ಹೊಂದೀತು. ಕರದಂಟಿನ ವ್ಯಾಪಾರಕ್ಕೆ ಎಂಜಿನಿಯರ್ ಬೇಕೆಂದು ಅಧಿಕಾರಿಗಳನ್ನು ಒಪ್ಪಿಸುವುದು ಕಷ್ಟ.

ಆದ್ದರಿಂದ ಮೂಲ ನೌಕರಿಯೇ ಆಧಾರಸ್ತಂಭ. ಅದು ಹೋದರೆ ಸಿಗುವ ಗಡುವು ಗರಿಷ್ಠ 60 ದಿನ. ಅಷ್ಟರಲ್ಲಿ ಬೇರೊಬ್ಬ ಮಾಲಿಕ ಅರ್ಜಿ ಸಲ್ಲಿಸಬೇಕು, ಇಲ್ಲವೇ ವೀಸಾದ ಬಗೆ ಬದಲಿಸಲು ತಾನೇ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಅರ್ಧ ಕಂಪನಿ ತನ್ನದೆಂಬುದು ಅಲ್ಲಿ ಉಳಿಯುವ ಹಕ್ಕನ್ನು ಕೊಡುವುದಿಲ್ಲ.

ಗೆಳೆತನದ ಮಾತಿಗೆ ಬಂದರೆ, ಹುಬ್ಬಳ್ಳಿಯಲ್ಲಿ ಜನಿಸಿದ ಗುರುರಾಜ ದೇಶಪಾಂಡೆಯವರ ಉದಾಹರಣೆ ನೆನೆಯತಕ್ಕದ್ದು. ಕೆನಡಾದಲ್ಲಿ ಓದಿ, ಅಮೆರಿಕಕ್ಕೆ ಬಂದು, 1980ರ ದಶಕದ ಕೊನೆಯಲ್ಲಿ ಪಾಲುದಾರನೊಡನೆ ಕೋರಲ್ ನೆಟ್‌ವರ್ಕ್ಸ್ ಕಟ್ಟಿದ ಅವರು, ಕಂಪನಿ ಸಾಗಬೇಕಾದ ದಿಕ್ಕಿನ ಬಗ್ಗೆ ಭಿನ್ನಾಭಿಪ್ರಾಯ ಮೂಡಿ ಹೊರಬಂದರು. 1990ರಲ್ಲಿ ಆರಂಭಿಸಿದ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ 1997ರಲ್ಲಿ ಸುಮಾರು 370 ಕೋಟಿ ಡಾಲರಿಗೆ ಅಸೆಂಡ್ ಕಂಪನಿಗೆ ಮಾರಾಟವಾಯಿತು. ಎಚ್-1ಬಿ ಮೇಲಿರುವವನಿಗೆ ಹೀಗೆ ಹೊರಬಂದು ಮರಳಿ ಕಟ್ಟುವುದು ಸುಲಭವಲ್ಲ. ಒಬ್ಬನು ದೇಶ ಬಿಡಬೇಕಾಗಿ ಬಂದರೆ ಅವನ ಷೇರನ್ನು ಯಾರು, ಯಾವ ಬೆಲೆಗೆ ಕೊಳ್ಳಬೇಕು ಎಂಬುದನ್ನು ಮೊದಲ ದಿನವೇ ಕರಾರಿನಲ್ಲಿ ಬರೆಯಿಸಬೇಕು. ಬಾಲ್ಯದ ಗೆಳೆಯನಲ್ಲಿ ಕಾಗದ ಕೇಳಲು ಸಂಕೋಚವಾಗುವುದುಂಟು, ಕೇಳಲೇಬೇಕು.

ಇನ್ನು ಊರಿನ ಹಣ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಇಲ್ಲಿನ ನಿವಾಸಿಯು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ತಂದೆಯೇ ಷೇರು ಕೊಳ್ಳುವುದಾದರೆ 2022ರ ಸಾಗರೋತ್ತರ ಹೂಡಿಕೆ ನಿಯಮಗಳೂ ಅನ್ವಯಿಸುತ್ತವೆ; ಷೇರು ಪೇಟೆಯಲ್ಲಿಲ್ಲದ ಕಂಪನಿಯ ಒಂದೇ ಷೇರಾದರೂ ನೇರ ಹೂಡಿಕೆಯಾಗಿ ಬ್ಯಾಂಕಿನ ಮೂಲಕ ವರದಿಯಾಗಬೇಕು. ಇಂಥ ಬಂಡವಾಳ ರವಾನೆಗೆಂದು ಬ್ಯಾಂಕುಗಳು ಸಾಲ ಕೊಡುವಂತಿಲ್ಲವೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಕಬ್ಬಿನ ಹೊಲವನ್ನು ಒತ್ತೆಯಿಟ್ಟು ಮಗನ ಕಂಪನಿಗೆ ಡಾಲರ್ ಕಳುಹಿಸುವ ಯೋಚನೆಯಿದ್ದವರು ಬ್ಯಾಂಕಿಗೆ ಹೋಗುವ ಮುನ್ನ ಲೆಕ್ಕಪರಿಶೋಧಕರನ್ನು ಕಾಣುವುದು ಒಳಿತು.