ಗುದ್ದಲಿ ಹಿಡಿದು ಬಾ, ಕತ್ತಿ ಆಮೇಲೆ

ನೀನೂ ನಿನ್ನ ಆಫೀಸಿನ ಗೆಳೆಯರೂ ಸೇರಿ ರಜೆಯ ದಿನಗಳಲ್ಲಿ ನಮ್ಮ ಘಟ್ಟದ ಕಾಲುದಾರಿಗಳನ್ನು ಸರಿಮಾಡಿಕೊಡುತ್ತೀರಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷ ಮಗಾ. ಬಿಸಿಲೆಗೆ ಬರುವವರೆಲ್ಲ ಫೋಟೊ ಹಿಡಿದು, ಬಾಟಲಿ ಎಸೆದು ಹೋಗುವ ಕಾಲ ಇದು. ಕೈ ಕೆಸರು ಮಾಡಿಕೊಳ್ಳುತ್ತೇವೆ ಅನ್ನುವ ನಾಲ್ಕು ಜನ ಸಿಕ್ಕರೆ ಯಾರು ಬೇಡ ಅಂತಾರೆ? ಆದರೆ ಹೊಸ ಕತ್ತಿಗಳನ್ನು ತರಿಸಿ ಇಟ್ಟುಕೊಂಡಿದ್ದೀರಿ ಅಂತಲೂ ಹೇಳಿದ. ಅದನ್ನು ಕೇಳಿದ ಮೇಲೆ ಇಷ್ಟು ಬರೆಯದೆ ಇರಲಾಗಲಿಲ್ಲ.

ಬಿಸಿಲೆ, ಕಬ್ಬಿನಾಲೆ, ಕೆಂಪುಹೊಳೆ ಎಲ್ಲವೂ ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಒಳಗೆ ಹೋಗುವುದೂ ತಪ್ಪು, ಒಂದು ಕೊಂಬೆ ಕಡಿಯುವುದೂ ತಪ್ಪು. ಒಳ್ಳೆಯ ಮನಸ್ಸಿನಿಂದ ಕಡಿದೆ ಅಂದರೆ ಬಿಡುತ್ತಾರೆ ಅಂದುಕೊಳ್ಳಬೇಡ. ಯಾವ ದಾರಿ, ಎಷ್ಟು ಜನ, ಏನು ಕೆಲಸ, ಯಾವ ದಿನ ಅಂತ ಬರೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡು. ಉತ್ತರ ಬರದಿದ್ದರೆ ಮತ್ತೆ ಹೋಗಿ ಕೇಳು. ನಿಮ್ಮ ಬೆಂಗಳೂರಿನವರಿಗೆ ಈ ಓಡಾಟ ಬೇಸರ, ಗೊತ್ತು. ಅಷ್ಟಕ್ಕೇ ಬೇಸರಪಡುವವರನ್ನು ಗುಂಪಿನಿಂದ ಮೊದಲೇ ಬೇರೆಮಾಡಲು ಅದೊಂದು ಒಳ್ಳೆಯ ಉಪಾಯ.

ಅನುಮತಿ ಸಿಕ್ಕಿತು ಅನ್ನು. ಆಮೇಲೆ ನಿನ್ನ ಯಜಮಾನ ಯಾರು? ಆ ಬೀಟಿನ ಗಾರ್ಡು, ಅವರ ಜೊತೆಗಿರುವ ವಾಚರ್. ವಾಚರ್ ಅಂದರೆ ಬಹುಪಾಲು ಅದೇ ಊರಿನ ಬಡವರ ಮನೆಯವರು, ದಿನಗೂಲಿಯಲ್ಲೋ ಹೊರಗುತ್ತಿಗೆಯಲ್ಲೋ ದುಡಿಯುವವರು. ನೀನು ಎಷ್ಟೇ ಓದಿರು, ಅವರು ನಿಲ್ಲು ಅಂದಲ್ಲಿ ನಿಲ್ಲಬೇಕು, ವಾಪಸ್ಸು ಅಂದರೆ ಶಿಖರ ಕೂಗಳತೆಯಲ್ಲಿದ್ದರೂ ತಿರುಗಬೇಕು. ಅಣ್ಣ ಅಂತ ಕರೆ, ಏಕವಚನ ಬೇಡ. ಅವರು ಫೋಟೊದಲ್ಲಿ ನಿಮ್ಮ ಹಿಂದೆ ನಿಲ್ಲುವ ಆಳಲ್ಲ.

ಇನ್ನು ಕೆಲಸ. ದಾರಿ ಕೆಡುವುದು ಗಿಡ ಬೆಳೆದು ಅಂತ ನೀವು ತಿಳಿದಿದ್ದೀರಿ. ಗಿಡ ಬೆಳೆದರೆ ದಾರಿ ಮುಚ್ಚುತ್ತದೆ, ಕೆಡುವುದಿಲ್ಲ. ಕೆಡಿಸುವುದು ನೀರು. ಆಲೂರು ಕಡೆ ಮಳೆ ಹದ, ಘಟ್ಟದ ಅಂಚಿಗೆ ಬರುತ್ತಾ ವರ್ಷಕ್ಕೆ 4,000 ಮಿ.ಮೀ. ದಾಟುತ್ತದೆ. ಗುಡ್ಡದ ಮೇಲಿನಿಂದ ನೇರ ಇಳಿದ ಕಾಲುದಾರಿ ಆಷಾಢದ ಮಳೆಗೆ ಸಣ್ಣ ಹಳ್ಳವೇ ಆಗುತ್ತದೆ. ಮಣ್ಣು ಕೊಚ್ಚಿ ಹೋಗಿ ಕಲ್ಲು ಎದ್ದ ಮೇಲೆ ನಡೆಯುವವರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ, ಮುಂದಿನ ವರ್ಷ ಅದೂ ಹಳ್ಳ. ಹೀಗೇ ಒಂದು ಕಾಲುದಾರಿ ಮೂರಾಗಿ, ಆರಾಗಿ, ಹುಲ್ಲುಗುಡ್ಡದ ನೆತ್ತಿ ಬೋಳಾಗುತ್ತದೆ. ಎತ್ತಿನಭುಜ ಗುಡ್ಡಕ್ಕೆ ಹೋದಾಗ ನೆಲ ನೋಡಿಕೊಂಡು ನಡೆ, ನಾನು ಹೇಳುವುದು ಕಾಣುತ್ತದೆ.

ಇದಕ್ಕೆ ಮದ್ದು ಕತ್ತಿಯಲ್ಲಿಲ್ಲ, ಗುದ್ದಲಿಯಲ್ಲಿದೆ. ದಾರಿಗೆ ಅಡ್ಡಲಾಗಿ, ಆದರೆ ಓರೆಯಾಗಿ, ಇಳಿಜಾರಿನ ಕಡೆಗೆ ತಿರುಗಿಸಿ ಕಾಲುವೆ ತೋಡಬೇಕು. ಕೆಳಬದಿಗೆ ಅಲ್ಲೇ ಬಿದ್ದ ಕಲ್ಲನ್ನು ಅರ್ಧ ಹೂತು ಸಾಲಾಗಿ ಕೂರಿಸಬೇಕು, ಮೇಲಿಟ್ಟ ಕಲ್ಲು ಮೊದಲ ಜಡಿಮಳೆಗೇ ಉರುಳುತ್ತದೆ. ನೀರು ಹೊರಬೀಳುವ ಬಾಯಿ ಅಗಲವಾಗಿರಲಿ, ಹುಲ್ಲೋ ತರಗೆಲೆಯೋ ಇರುವ ಕಡೆ ಬೀಳಲಿ, ಕೆಳಗಿನ ತಿರುವಿನ ದಾರಿಯ ಮೇಲೇ ಬೀಳಬಾರದು. ಕಡಿದಾದಲ್ಲಿ ಕಾಲುವೆ ಹತ್ತಿರ ಹತ್ತಿರ, ಸಮತಟ್ಟಿನಲ್ಲಿ ದೂರ ದೂರ. ತಿರುವುಗಳಲ್ಲಿ ಜನ ಅಡ್ಡದಾರಿ ಹಿಡಿದ ಜಾಗ ಇದ್ದರೆ ಒಣಕೊಂಬೆ, ಕಲ್ಲು ಒಟ್ಟಿ ಮುಚ್ಚಬೇಕು. ಒಂದು ದಿನಕ್ಕೆ ಹತ್ತಾಳು ಸೇರಿದರೂ ಕೆಲಸ ಕಣ್ಣಿಗೆ ಕಾಣುವುದು ಸ್ವಲ್ಪವೇ. ಬೇಕಾದರೆ ನಮ್ಮ ತೋಟದ ಇಳಿಜಾರು ರಸ್ತೆಯಲ್ಲಿ ಮೊದಲು ಕೈ ಪಳಗಿಸಿಕೊ, ಅಲ್ಲಿ ತೋಡಿದ ಕಾಲುವೆ ತಪ್ಪಾದರೆ ಬಯ್ಯುವುದು ನಾನೊಬ್ಬನೇ.

ನೀರು ಏನು ಮಾಡುತ್ತದೆ ಅನ್ನುವುದಕ್ಕೆ 2024ರ ಜುಲೈ ನೆನಪಿರಲಿ. ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಜರಿದು ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಿನಗಟ್ಟಲೆ ನಿಂತಿತು. ಇಂಜಿನಿಯರುಗಳು 57 ಸುರಂಗ ಕೊರೆದು ಮಾಡಿದ ದಾರಿಗೇ ಈ ಗತಿ. ಆ ಹಳಿಯ ಮೇಲೆ ಟ್ರೆಕ್ಕಿಂಗ್ ಅಂತ ನಡೆಯುತ್ತಿದ್ದ ನಿಮ್ಮಂಥವರನ್ನು ರೈಲ್ವೆಯವರು ತಡೆದದ್ದು ಸರಿಯಾಗಿಯೇ ಇದೆ. ಅಲ್ಲಿ ನೋಡಬೇಕಾದದ್ದು ಬೇರೆ: ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು, ಮೋರಿ ಕಟ್ಟಿಕೊಂಡಿದೆಯಾ, ಬಂಡೆ ಸಡಿಲವಾಗಿದೆಯಾ ಅಂತ ನೋಡುತ್ತಾ ಹಳಿ ಕಾಯುವ ಗ್ಯಾಂಗ್‌ಮನ್‌ಗಳು. ದಾರಿ ಕಾಯುವುದು ಅಂದರೆ ಅದು.

ಹೊರದೇಶದಲ್ಲಿ ಸ್ವಯಂಸೇವಕರೇ ಕಾಡುದಾರಿ ನೋಡಿಕೊಳ್ಳುತ್ತಾರೆ ಅಂದೆಯಂತೆ. ನಿಜ. ಅಮೆರಿಕದ ಅಪಲೇಚಿಯನ್ ಹಾದಿ ಸುಮಾರು 3,500 ಕಿ.ಮೀ. ಉದ್ದ. ಅದರ ಬಹುಪಾಲು ಕೆಲಸ ಸ್ಥಳೀಯ ಸಂಘಗಳದ್ದು, ಒಂದೊಂದು ಸಂಘಕ್ಕೆ ಒಂದೊಂದು ತುಂಡು. ಆ ಪದ್ಧತಿ ನನಗೆ ಹಿಡಿಸಿತು. ಇಡೀ ಪಶ್ಚಿಮ ಘಟ್ಟ ಉಳಿಸುತ್ತೇವೆ ಅನ್ನಬೇಡಿ, ಎರಡು ಕಿಲೋಮೀಟರ್ ಹಿಡಿದು ವರ್ಷಾವರ್ಷ ಅದನ್ನೇ ನೋಡಿ. ಆದರೆ ಅವರ ಹಾದಿಯಲ್ಲಿ ಆನೆ ಇಲ್ಲ.

ಆನೆ ವಿಷಯಕ್ಕೆ ಬರೋಣ. ಆಲೂರು, ಸಕಲೇಶಪುರದಲ್ಲಿ ಕಾಡು, ಕಾಫಿ ತೋಟ, ಗದ್ದೆ, ಹೇಮಾವತಿ ಹಿನ್ನೀರು ಒಂದರೊಳಗೊಂದು ಸೇರಿಕೊಂಡಿವೆ. ಆನೆಗೆ ಬೇಲಿ ಲೆಕ್ಕಕ್ಕಿಲ್ಲ. ಹತ್ತು ವರ್ಷಕ್ಕೂ ಹಿಂದೆ 22 ಆನೆ ಹಿಡಿದು ಸಾಗಿಸಿದರು, ಆ ಜಾಗಕ್ಕೆ ಬೇರೆ ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಬಂದಿದ್ದ ಸಾಕಾನೆ ಅರ್ಜುನ ಸತ್ತ. ಎಂಟು ಸಲ ದಸರಾ ಅಂಬಾರಿ ಹೊತ್ತವನು, ಸುತ್ತ ಮಾವುತರು, ಸಿಬ್ಬಂದಿ, ಬಂದೂಕು ಎಲ್ಲ ಇತ್ತು. ಹಾಗಿರುವಾಗ ನಿಮ್ಮ ಗುಂಪು ಏನು ಲೆಕ್ಕ?

ಕಾಡು ಹೊಗುವ ಮುಂಚೆ ಆ ದಿನದ ಆನೆ ಸುದ್ದಿ ಕೇಳು. ಅರಣ್ಯ ಇಲಾಖೆಯವರೂ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರೂ ಮೊಬೈಲ್ ಸಂದೇಶ, ಫಲಕ, ಕೆಂಪು ದೀಪಗಳ ಮೂಲಕ ಯಾವ ಕಡೆ ಆನೆ ಇದೆ ಅಂತ ತಿಳಿಸುವ ವ್ಯವಸ್ಥೆ ಇಲ್ಲಿದೆ. ಆ ಕಡೆ ಇದೆ ಅಂದರೆ ಅಂದಿನ ಕೆಲಸ ಬಿಡು. ಕಿವಿಗೆ ವಯರು ಬೇಡ, ಸೆಂಟು ಬೇಡ, ಸಂಜೆ ನಾಲ್ಕರ ಮೇಲೆ ಕಾಡೊಳಗೆ ಇರಬೇಡ.

ಇನ್ನೊಂದು, ನೀವು ಯೋಚಿಸಿರಲಾರಿರಿ. ಚೊಕ್ಕವಾಗಿ ಸವರಿದ ದಾರಿ ಆನೆಗೂ ಇಷ್ಟ. ಮರ ಸಾಗಿಸಲು ಮಾಡಿ ಈಗ ಮುಚ್ಚಿಹೋದ ಹಳೇ ಕೂಪಿನ ದಾರಿಯನ್ನು ನೀವು ಉಮೇದಿನಿಂದ ಬಿಡಿಸಿದರೆ, ಆನೆ ಅದೇ ದಾರಿಯಲ್ಲಿ ನೇರ ಯಾರದೋ ಗದ್ದೆಗೆ ಇಳಿಯುತ್ತದೆ. ಮರಗಳ್ಳರಿಗೂ ಅನುಕೂಲ. ಆದ್ದರಿಂದ ಕೆಲವು ದಾರಿ ಮುಚ್ಚಿಕೊಳ್ಳಲಿ ಬಿಡು. ಯಾವುದು ಮುಚ್ಚಬೇಕು, ಯಾವ ತಿರುವಿನಲ್ಲಿ ಎದುರು ಕಾಣುವಷ್ಟು ಮಾತ್ರ ಸವರಬೇಕು ಅನ್ನುವುದನ್ನು ವಾಚರ್ ಹೇಳಲಿ. ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆ ಕಿತ್ತರೆ ಪುಣ್ಯ, ಶೋಲೆ ಕಾಡಿನ ಎಳೆಸಸಿ ಗುರುತು ಸಿಗದೆ ಕಡಿದರೆ ಪಾಪ. ಕತ್ತಿ ಆಮೇಲೆ ಅಂದದ್ದು ಇದಕ್ಕೇ.

ಬೇಸಿಗೆಯಲ್ಲಿ ಬೆಂಕಿ. ಹುಲ್ಲು ಒಣಗುವ ಮುಂಚೆಯೇ ಇಲಾಖೆಯವರು ಬೆಂಕಿರೇಖೆ ಮಾಡುತ್ತಾರೆ, ಪಟ್ಟಿ ಸವರಿ, ಕಸ ಗುಡಿಸುವ ಕೆಲಸ. ಅದಕ್ಕೆ ಕೈಜೋಡಿಸು. ಬೆಂಕಿ ಬಿದ್ದ ಮೇಲೆ ಮಾತ್ರ ನುಗ್ಗಬೇಡ. 2023ರ ಫೆಬ್ರುವರಿಯಲ್ಲಿ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಫಾರೆಸ್ಟ್ ಗಾರ್ಡ್ ಸುಂದರೇಶ್ ಸುಟ್ಟಗಾಯದಿಂದ ತೀರಿಕೊಂಡರು. ಕಸುಬು ಗೊತ್ತಿದ್ದವರು ಅವರು. ಗಾಳಿ ತಿರುಗಿದರೆ ಹುಲ್ಲುಗುಡ್ಡದಲ್ಲಿ ಓಡಲು ಜಾಗವಿಲ್ಲ. ನೀನು ಹೊಗೆ ಕಂಡರೆ ಫೋನ್ ಮಾಡು, ಕುಡಿಯುವ ನೀರು ಹೊತ್ತು ರಸ್ತೆಯವರೆಗೆ ತಲುಪಿಸು, ಸಾಕು.

ಕಸದ ಮಾತು ಹೇಳಬೇಕಾಗಿಲ್ಲ, ಜನ ಹೆಚ್ಚಿದಷ್ಟೂ ಕಸ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಮೇಲೆ ಸರ್ಕಾರ ಆನ್‌ಲೈನ್ ಟಿಕೆಟ್, ದಿನಕ್ಕೆ ಇಷ್ಟೇ ಜನ ಅಂತ ಮಾಡಿತು. ಅದನ್ನು ಬಯ್ಯುವವರ ಜೊತೆ ಸೇರಬೇಡ.

ಈಗ ಯಾವಾಗ ಬರಬೇಕು. ನೀವು ಡಿಸೆಂಬರ್ ಅಂದುಕೊಂಡಿದ್ದೀರಿ, ಮಂಜು ಚೆಂದ ಅಂತ. ಅದು ಬೇಡ, ಮಳೆಗೆ ಮುಂಚೆ, ಮೇ ಕೊನೆಯಲ್ಲಿ ಕಾಲುವೆ ತೋಡಲು ಬನ್ನಿ. ಆಮೇಲೆ ಇಲಾಖೆಯವರು ಒಪ್ಪಿದ, ಮಳೆ ಸ್ವಲ್ಪ ಇಳಿದ ಒಂದು ದಿನ ಗಾರ್ಡಿನ ಜೊತೆ ಕೆಳಗಿನ ತುಂಡಿನಲ್ಲಾದರೂ ಹೋಗಿ, ನೀರು ನೀವು ಹೇಳಿದಲ್ಲಿ ತಿರುಗುತ್ತಿದೆಯಾ ನೋಡಿ. ಬಿಸಿಲಿನಲ್ಲಿ ಊಹಿಸಿ ತೋಡಿದ್ದು ಮಳೆಯಲ್ಲಿ ಅರ್ಧ ಸುಳ್ಳಾಗಿರುತ್ತದೆ. ಇಂಬಳ ಹತ್ತುತ್ತವೆ, ಕಿರುಚಬೇಡಿ, ಹೊಗೆಸೊಪ್ಪು ಸುಣ್ಣ ಬಟ್ಟೆಯಲ್ಲಿ ಗಂಟು ಕಟ್ಟಿ ನಿನ್ನ ದೊಡ್ಡಮ್ಮ ಕೊಡುತ್ತಾಳೆ. ಗುದ್ದಲಿ, ಹಾರೆ ನಮ್ಮ ಮನೆಯಲ್ಲಿವೆ. ಬುತ್ತಿ ಕಟ್ಟುವಾಗ ಗಾರ್ಡಿಗೂ ವಾಚರ್‌ಗೂ ಸೇರಿಸಿ ಕಟ್ಟಿಸಿಕೊ. ಎಷ್ಟು ಜನ ಅಂತ ಹಿಂದಿನ ದಿನವೇ ತಿಳಿಸು, ಅಕ್ಕಿ ನೆನೆಹಾಕಬೇಕು.